ಜಗಲಿ ರೈಲಿಗೊಬ್ಬ ಡ್ರೈವರ್

ಅರುವತ್ತು ದಾಟಿದ ಮೇಲೆ ಕುಂಭಾಶಿಯ ರಾಜೀವನಿಗೆ ರೈಲಿನ ಹುಚ್ಚು ಹಿಡಿಯಿತು ಎಂದು ಊರವರು ಹೇಳುತ್ತಾರೆ. ಊರವರಿಗೇನು, ಬಾಯಿಗೆ ಬಂದದ್ದು ಹೇಳಿಕೊಂಡು ಸಂಜೆ ಕಳೆಯುತ್ತಾರೆ. ಅವನಿಗೆ ಹಿಡಿದದ್ದು ರೈಲಿನ ಹುಚ್ಚಲ್ಲ, ಡ್ರೈವರ್ ಆಗುವ ಹುಚ್ಚು. ಅದೂ ಮೀಸೆ ಮೂಡುವ ವಯಸ್ಸಿನಲ್ಲೇ ಹಿಡಿದದ್ದು. ಹೊರಗೆ ಕಾಣಿಸಿಕೊಳ್ಳಲು ಅಷ್ಟು ವರ್ಷ ತೆಗೆದುಕೊಂಡಿತು, ಅಷ್ಟೇ.

ಅವನ ಆಯುಷ್ಯವೆಲ್ಲ ಕಳೆದದ್ದು ಬೈಂದೂರಿನಿಂದ ಬ್ರಹ್ಮಾವರಕ್ಕೆ ಓಡುತ್ತಿದ್ದ ‘ಸ್ವರ್ಣಲತಾ’ ಎಂಬ ಬಸ್ಸಿನ ಹಿಂಬಾಗಿಲಲ್ಲಿ, ಕಂಡಕ್ಟರನಾಗಿ. ಸ್ವರ್ಣಲತಾ ಎಂದರೆ ಬಸ್ಸಿನ ಧನಿಗಳ ಮಗಳು. ಆ ಹುಡುಗಿಗೆ ಮದುವೆಯಾಗಿ, ಮಕ್ಕಳಾಗಿ, ಅವಳ ತಲೆ ನರೆಯುವ ತನಕ ಬಸ್ಸು ಓಡಿತು. ಮುಂದೆ ಸ್ಟೇರಿಂಗ್ ಹಿಡಿದು ಕೂತವನು ಕುಷ್ಟ, ಹಿಂದೆ ಸೀಟಿ ಕಚ್ಚಿಕೊಂಡು ನಿಂತವನು ರಾಜೀವ. ಎರಡು ಸೀಟಿ ಊದಿದರೆ ಬಸ್ಸು ಹೊರಡಬೇಕು, ಒಂದು ಊದಿದರೆ ನಿಲ್ಲಬೇಕು. ಇಬ್ಬರೂ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಸೀಟಿ ಮಾತ್ರ ಬಿಟ್ಟದ್ದಿಲ್ಲ.

ಸ್ಟೇರಿಂಗ್ ಹಿಡಿಯುವ ಭಾಗ್ಯ ರಾಜೀವನಿಗೆ ಬಂದದ್ದು ಒಂದೇ ಸಲ. 1997ರ ಮಾತು. ಬೈಂದೂರಿನ ಆಚೆ ಕೊಂಕಣ ರೈಲಿನ ಹಳಿ ಹಾಕುತ್ತಿದ್ದರು, ಊರ ತುಂಬ ರೈಲಿನದ್ದೇ ಸುದ್ದಿ. ಕುಷ್ಟ ಚಾ ಕುಡಿಯಲು ಇಳಿದಿದ್ದ. ಒಮ್ಮೆ ಬಂದ್ ಮಾಡಿದರೆ ತಳ್ಳದೆ ಸ್ಟಾರ್ಟ್ ಆಗದ ಬಸ್ಸಾದ್ದರಿಂದ ಎಂಜಿನ್ ಹಾಗೇ ಗುರುಗುಟ್ಟುತ್ತಿತ್ತು. ಒಳಗೆ ಯಾರೂ ಇಲ್ಲ. ರಾಜೀವ ಆಚೀಚೆ ನೋಡಿದ, ಹೋಗಿ ಡ್ರೈವರ್ ಸೀಟಿನಲ್ಲಿ ಕೂತ, ಕ್ಲಚ್ ಒತ್ತಿ ಗೇರ್ ಹಾಕಿಯೇಬಿಟ್ಟ. ಬಸ್ಸು ಹೊರಟಿತು. ಆ ಕ್ಷಣದ ಸಂತೋಷವನ್ನು ಅವನು ಆಮೇಲೆ ಯಾವುದಕ್ಕೂ ಹೋಲಿಸಲಿಲ್ಲ, ಮದುವೆಗೂ ಕೂಡ.

ಎದುರಿಗೆ ಬಚ್ಚನ ಅಂಗಡಿಯ ಎಳನೀರಿನ ಬೊಂಡದ ರಾಶಿ. ಜನ ‘ಹೋಲ್ಡಾನ್, ಹೋಲ್ಡಾನ್’, ನಿಲ್ಲಿಸು ಎಂದು ಕೂಗಿದರು. ರಾಜೀವ ಕೆಲಸದಲ್ಲಿ ಎಂದೂ ಉದಾಸೀನ ಮಾಡಿದವನಲ್ಲ. ಕೂಗು ಕಿವಿಗೆ ಬಿದ್ದದ್ದೇ ತಡ, ಜೇಬಿನಿಂದ ಸೀಟಿ ತೆಗೆದು ಗಟ್ಟಿಯಾಗಿ ಒಂದು ಊದಿದ. ಬಸ್ಸು ನಿಲ್ಲಲಿಲ್ಲ. ಇನ್ನೊಂದು ಊದೋಣವೆಂದರೆ ಒಟ್ಟು ಎರಡಾಗಿ ‘ಹೊರಡು’ ಎಂದಾಗಿಬಿಡುತ್ತದಲ್ಲ ಎಂಬ ಹೆದರಿಕೆ. ಬಾಯಲ್ಲಿ ಸೀಟಿ ಇಟ್ಟುಕೊಂಡು ಕುಷ್ಟ ಬ್ರೇಕ್ ಹಾಕುವುದನ್ನು ಕಾಯುತ್ತಾ ಕೂತ. ಕುಷ್ಟ ಹೋಟೆಲಿನ ಬಾಗಿಲಲ್ಲಿ ಚಾ ಲೋಟ ಹಿಡಿದು ನಿಂತಿದ್ದ. ಬೊಂಡಗಳು ಬೈಂದೂರು ಪೇಟೆ ತುಂಬ ಉರುಳಿದವು.

ಧನಿಗಳ ಹತ್ತಿರ ಕುಷ್ಟ, “ಹ್ಯಾಂಡ್‌ಬ್ರೇಕ್ ಲೂಸ್ ಇತ್ ಧನಿ” ಎಂದು ಹೇಳಿ ತಪ್ಪನ್ನು ತನ್ನ ತಲೆಗೇ ಹಾಕಿಕೊಂಡ. ರಾಜೀವನ ಹತ್ತಿರ ಮಾತ್ರ ಒಂದು ಮಾತು ಹೇಳಿದ.

“ಸೀಟಿ ಊದ್ರೆ ಬಸ್ ನಿಲ್ಲುದಲ್ಲ ಮಾರಾಯ. ಸೀಟಿ ಊದ್ರೆ ಡ್ರೈವರ್ ನಿಲ್ಸುದ್.”

ಆ ಮಾತು ರಾಜೀವನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನಿವೃತ್ತಿಯಾಗುವ ತನಕ ಅವನು ಸ್ಟೇರಿಂಗಿನ ಹತ್ತಿರ ಸುಳಿಯಲಿಲ್ಲ.

ರೈಲು ಮನೆಗೆ ಬಂದದ್ದು ದೇವುವಿನಿಂದ. ದೇವು ಎಂದರೆ ರಾಜೀವನ ಹೆಂಡತಿ ಜಲಜಳ ತಮ್ಮ, ಸರಕಿನ ಹಡಗಿನಲ್ಲಿ ಅಡುಗೆಯವನು. ಹಡಗು ಹ್ಯಾಂಬರ್ಗ್ ಬಂದರಿಗೆ ಹೋದಾಗಲೆಲ್ಲ ಅಕ್ಕನಿಗೊಂದು, ಭಾವನಿಗೊಂದು ಏನಾದರೂ ತರುತ್ತಿದ್ದ. ಒಂದು ಸಲ ಭಾವನಿಗೆ ಅಂಗೈ ಉದ್ದದ ಕೆಂಪು ಎಂಜಿನ್, ಡಬ್ಬಿಗಳು, ಹಳಿ, ವೇಗ ಹೆಚ್ಚು ಕಡಿಮೆ ಮಾಡುವ ನಾಬು ಇದ್ದ ಒಂದು ಸಣ್ಣ ಪೆಟ್ಟಿಗೆ ತಂದ. ಮಕ್ಕಳ ಆಟಿಕೆಯಲ್ಲ, ದೊಡ್ಡವರೇ ಮನೆಯಲ್ಲಿ ಇಟ್ಟುಕೊಂಡು ಓಡಿಸುವ ನಮೂನೆಯದು. ಮರುವರ್ಷ ಹಳಿಯ ಇನ್ನೊಂದು ಕಟ್ಟು ಮತ್ತು ಒಂದು ನೀಲಿ ಎಂಜಿನ್ ಬಂತು.

ರಾಜೀವ ಜಗಲಿಯ ಅರ್ಧಕ್ಕೆ ಪ್ಲೈವುಡ್ ಹಾಸಿ ಹಳಿ ಜೋಡಿಸಿದ. ಹಪ್ಪಳ ಒಣಗಿಸುವ ಜಾಗ ಹೋಯಿತು ಎಂದು ಜಲಜ ಮುಖ ಊದಿಸಿಕೊಂಡಳು, ಅವನು ಕಾಣದವನ ಹಾಗೆ ಇದ್ದ. ಒಂದು ತುದಿಗೆ ಬೈಂದೂರು, ಇನ್ನೊಂದು ತುದಿಗೆ ಬ್ರಹ್ಮಾವರ. ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ನಿಲ್ದಾಣಗಳು: ಮರವಂತೆ, ತ್ರಾಸಿ, ಹೆಮ್ಮಾಡಿ, ಕುಂದಾಪುರ, ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ. ಕೋಟೇಶ್ವರದಿಂದ ದಿನಾ ಸಂಜೆ ಬರುತ್ತಿದ್ದ ಕುಷ್ಟ ಇದನ್ನು ಕಂಡು ತಲೆ ಕೆರೆದುಕೊಂಡ.

“ರೈಲ್ ಮರವಂತೆಯಂಗೆ ಎಲ್ ನಿಲ್ತ್ ಮಾರಾಯ? ಬಾರ್ಕೂರ್ ಸ್ಟೇಷನ್ ಎಲ್ಲಿತ್?”

“ಬಾರ್ಕೂರಿಗ್ ನಮ್ ಬಸ್ ಹೋಯ್ತಿರ್ಲಿಲ್ಲೆ” ಎಂದ ರಾಜೀವ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಆದರೆ ಆ ಸಂಜೆಯೇ ಒಂದು ಅನ್ಯಾಯ ನಡೆದುಹೋಯಿತು. ಕುಷ್ಟ ಯಾವ ಕೆಟ್ಟ ಬುದ್ಧಿಯೂ ಇಲ್ಲದೆ, ಸ್ವಂತ ಮನೆಯ ಮಣೆಯಲ್ಲಿ ಕೂರುವಷ್ಟು ಸಲೀಸಾಗಿ, ಪೆಟ್ಟಿಗೆಯ ಮುಂದಿನ ಕುರ್ಚಿಯಲ್ಲಿ ಕೂತು ನಾಬಿನ ಮೇಲೆ ಕೈಯಿಟ್ಟ.

“ಹ್ಞಾಂ, ಊದ್.”

ರಾಜೀವನ ಕೈ ಅವನನ್ನು ಕೇಳದೆಯೇ ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಹಳೆಯ ಸೀಟಿ ಕಪ್ಪು ದಾರದಲ್ಲಿ ನೇತಾಡುತ್ತಿತ್ತು. ಊದಿದ, ಎರಡು. ರೈಲು ಹೊರಟಿತು. ತನ್ನ ಮನೆಯಲ್ಲಿ, ತನ್ನ ಜಗಲಿಯಲ್ಲಿ, ತನ್ನ ರೈಲಿಗೆ ತಾನೇ ಕಂಡಕ್ಟರ್ ಆದೆನಲ್ಲ ಎಂದು ರಾಜೀವನಿಗೆ ತಿಳಿಯುವ ಹೊತ್ತಿಗೆ ರೈಲು ಹೆಮ್ಮಾಡಿ ದಾಟಿತ್ತು. ಬಾಯಿ ಬಿಟ್ಟು ಹೇಳೋಣವೆಂದರೆ ಬೊಂಡದ ರಾಶಿ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಹಾಗಾಗಿ ಮರುದಿನವೂ ಅದೇ, ಅದರ ಮರುದಿನವೂ ಅದೇ. ಒಮ್ಮೆ ಡ್ರೈವರ್ ಆಗದೆ ಸಾಯಲಾರೆ ಎಂದು ರಾಜೀವ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ನೀಲಿ ಎಂಜಿನ್ ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ನಾಬು ತಿರುಗಿಸಿದರೆ ಹಳಿಗೆ ಕರೆಂಟ್ ಹೋಗುತ್ತದೆ, ಹಳಿಯ ಮೇಲೆ ಇದ್ದದ್ದೆಲ್ಲ ಒಟ್ಟಿಗೆ ಹೊರಡುತ್ತದೆ. ಕುಂದಾಪುರದಲ್ಲಿ ನೀಲಿಯನ್ನು ನಿಲ್ಲಿಸಿ ಕೆಂಪಿಗೆ ದಾರಿ ಬಿಡೋಣವೆಂದರೆ ಎರಡೂ ಒಂದನ್ನೊಂದು ಹುಡುಕಿಕೊಂಡು ಬಂದು ಹಣೆಗೆ ಹಣೆ ಕುಟ್ಟುತ್ತಿದ್ದವು. ಇದನ್ನು ಫೋನಿನಲ್ಲಿ ಕೇಳಿದ ದೇವು ಹ್ಯಾಂಬರ್ಗಿನಲ್ಲಿ ಅಂಗಡಿಗೆ ಹೋಗಿ ವಿಚಾರಿಸಿ, ಗುರುವಾರ ತಿರುಗಿ ಫೋನ್ ಮಾಡಿದ.

“ಭಾವ, ಇದಕ್ಕೆ ಡಿಜಿಟಲ್ ಅಂದೇಳಿ ಒಂದ್ ಇತ್. ಹಳಿಯಂಗೆ ಕರೆಂಟ್ ಯಾವಾಗ್ಳೂ ಇರತ್ತ್. ಎಂಜಿನ್ ಹೊಟ್ಟಿಯೊಳ್ಗೆ ಒಂದ್ ಚಿಪ್ ಹಾಕುದ್, ಅದಕ್ಕೊಂದ್ ನಂಬರ್ ಕೊಡುದ್. ನಾವ್ ಯಾವ್ ನಂಬರ್ ಕರಿತ್ತೋ ಅದ್ ಮಾತ್ರ ಹೊರಡತ್ತ್.”

“ಬಾಕಿದ್?”

“ನಿಂತ್ಕಂಡ್ ಇರತ್ತ್.”

ರಾಜೀವನಿಗೆ ಇದು ಪವಾಡದ ಹಾಗೆ ಕೇಳಿಸಿತು.

“ಆದ್ರೆ ಶುರು ಮಾಡುವವ್ರಿಗೆ ಎರಡ್ ನಮೂನಿ ಇತ್, ಸಮ ಕೇಣಿ” ಎಂದ ದೇವು. “ಒಂದ್, ಮೇಜಿನ್ ಮೇಲೆ ಇಡು ಪೆಟ್ಟಿಗಿ. ಅದಕ್ಕೆ ಎರಡ್ ನಾಬ್, ಇಬ್ರ್ ಆಚೀಚೆ ಕೂಕಂಡ್ ಎರಡ್ ರೈಲ್ ಬಿಡ್ಲಕ್ಕ್. ಇನ್ನೊಂದ್, ಟಿವಿ ರಿಮೋಟಿನ್ ಹಾಂಗಿಪ್ಪುದ್, ಉದ್ದ ವಯರ್, ಒಂದೇ ನಾಬ್. ಕೈಯಂಗೆ ಹಿಡ್ಕಂಡ್ ರೈಲಿನ್ ಒಟ್ಟಿಗೇ ನಡ್ಕಂಡ್ ಹೋಪುಕೆ ಆತ್. ಇನ್ನೊಂದ್ ರಿಮೋಟ್ ಬೇಕಾರೆ ಮತ್ತೆ ಸಿಕ್ಸುಕೂ ಆತ್. ಹಳಿಗ್ ಎಂತಾರೂ ತಾಗಿ ಶಾರ್ಟ್ ಆರೆ ಎರಡೂ ತನ್ನಷ್ಟಕ್ಕೇ ಬಂದ್ ಆತ್, ಹೆದ್ರಿಕಿ ಇಲ್ಲೆ. ಶನಿವಾರ ಹಡಗ್ ಹೊರಡತ್ತ್, ಅದ್ರ ಒಳ್ಗೆ ಹೇಳಿ. ನಿಮ್ಮನಿಯಂಗೆ ರೈಲ್ ಬಿಡುವವ್ರ್ ಎಷ್ಟ್ ಜನ ಭಾವ?”

ಆ ಕೊನೆಯ ಪ್ರಶ್ನೆ ಕೇಳಿದ್ದೇ ರಾಜೀವ ಫೋನ್ ಇಟ್ಟ. ಅಂಗಡಿಯವನು ಸಾವಿರ ಜನರಿಗೆ ಕೇಳುವ ಸಾಮಾನ್ಯ ಪ್ರಶ್ನೆ ಅದು. ಇವನಿಗೆ ಮಾತ್ರ ಎದೆಗೆ ಕೈ ಹಾಕಿದ ಹಾಗಾಯಿತು.

ಯಾರನ್ನಾದರೂ ಕೇಳೋಣವೆಂದರೆ ಕುಂದಾಪುರ ತಾಲೂಕಿನಲ್ಲಿ ಇಂಥದ್ದನ್ನು ಇಟ್ಟುಕೊಂಡವರ ಸುದ್ದಿ ಅವನಿಗಂತೂ ತಿಳಿದಿರಲಿಲ್ಲ. ಶುಕ್ರವಾರ ಕೋಟಕ್ಕೆ ಹೋಗಿ ಮೈಕ್‌ಸೆಟ್ಟಿನ ದಾಮೋದರನನ್ನು ಕೇಳಿದ. ದಾಮೋದರ ವಿಷಯವನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಬಹಳ ಹೊತ್ತು ಯೋಚಿಸಿ, “ಎಷ್ಟ್ ವಾಟ್ಸ್?” ಎಂದ. ರಾಜೀವನಿಗೆ ಗೊತ್ತಿರಲಿಲ್ಲ. “ವಾಟ್ಸ್ ಗೊತ್ತಿಲ್ದೆ ಎಂತ ಹೇಳುದ್ ಮಾರ್ರೆ? ನಿಮ್ಮ ಜಗಲಿಗೆ ಎರಡ್ ಸ್ಪೀಕರ್ ಕೊಳವಿ ಸಾಕ್” ಎಂದು ಹೇಳಿ ದಾಮೋದರ ಮದುವೆ ಮನೆಯೊಂದಕ್ಕೆ ವಯರ್ ಸುತ್ತಲು ಎದ್ದುಹೋದ.

ಮನೆಯಲ್ಲಿ ಜಲಜಳನ್ನು ಕೇಳಿದ. ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದಳು, ತಲೆಯೆತ್ತಲಿಲ್ಲ.

“ಎಲ್ಲ ಒಟ್ಟಿಗ್ ನಿಲ್ಸುದ್ ಯಾವ್ದ್ರಂಗಿತ್?”

“ಎರಡ್ರಂಗೂ ಒಂದ್ ಕೆಂಪ್ ಗುಂಡಿ ಇರತ್ತಂಬ್ರ್.”

“ಆ ಗುಂಡಿ ಅಡಗಿಮನಿಗೆ ಹಾಕುಕೆ ಆತ್ತಾ ಕೇಣಿ. ಉಂಬುಕೆ ಬನಿ ಬನಿ ಅಂದೇಳಿ ಗಂಟ್ಲ್ ಹರ್ಕಂಬುಕೆ ನನ್ನ್ ಕೈಯಂಗೆ ಆತಿಲ್ಲೆ.”

ಇದರಲ್ಲಿ ಸುಳ್ಳೇನಿರಲಿಲ್ಲ. ರೈಲು ಬಂದಂದಿನಿಂದ ಆ ಮನೆಯಲ್ಲಿ ಅನ್ನ ಬಿಸಿಯಾಗಿ ಬಟ್ಟಲಿಗೆ ಬಿದ್ದ ದಿನವೇ ಇಲ್ಲ. ಜಲಜ ಒಳಗಿನಿಂದ ಕರೆಯುವುದು, ರಾಜೀವ “ಬತ್ತೆ” ಎನ್ನುವುದು, ಸಾರು ತಣ್ಣಗಾಗುವುದು, ಇಷ್ಟೇ ನಡೆಯುತ್ತಿತ್ತು.

ಸಂಜೆ ಕುಷ್ಟ ಬಂದಾಗ ಅವನನ್ನೂ ಕೇಳಬೇಕಾಯಿತು. ಕುಷ್ಟ ಉತ್ಸಾಹದಿಂದ ಕುರ್ಚಿ ಎಳೆದುಕೊಂಡ. “ಎರಡ್ ನಾಬಿಂದೇ ತರ್ಸ್ ಮಾರಾಯ. ಒಂದ್ ಹಾಳಾರೆ ಇನ್ನೊಂದ್ ಇರತ್ತಲೆ. ನಾನ್ ಒಂದ್ರಂಗೆ ಕೆಂಪ್ ಬಿಡ್ತೆ, ಇನ್ನೊಂದ್ರಂಗೆ ನೀಲಿ ಬಿಡ್ತೆ. ನಂಗ್ ಎರಡ್ ಕೈ ಇತ್ತಲೆ.”

ಅವನಿಗೆ ಎರಡು ಕೈ ಇದ್ದದ್ದು ಹೌದು. ರಾಜೀವ ಆ ಎರಡು ಕೈಗಳನ್ನೂ ನೋಡಿದ. ಕುಷ್ಟನ ಲೆಕ್ಕದಲ್ಲಿ ತನಗೆ ಉಳಿದದ್ದು ಬಾಯಿ ಒಂದೇ, ಅದೂ ಸೀಟಿ ಊದುವುದಕ್ಕೆ. ಅಲ್ಲಿಯೇ ಅವನ ತೀರ್ಮಾನ ಆಗಿಹೋಯಿತು. ಶನಿವಾರ ಬೆಳಿಗ್ಗೆ ದೇವುವಿನ ಫೋನ್ ಬಂದಾಗ, ಬಚ್ಚಲಮನೆಯ ಹಿಂದೆ ಹೋಗಿ ನಿಂತು, ತಗ್ಗಿದ ದನಿಯಲ್ಲಿ ಹೇಳಿದ.

“ಕೈಯಂಗೆ ಹಿಡ್ಕಂಬುದ್ ತಾ. ಒಂದೇ ನಾಬಿಂದ್.”

“ಕುಷ್ಟಣ್ಣ ಇದ್ರಲೆ ಭಾವ. ಇನ್ನೊಂದ್ ರಿಮೋಟೂ ತಕಂಡ್ ಬಪ್ಪುದಾ?”

“ಒಂದ್ ಬಸ್ಸಿಗ್ ಒಬ್ಬನೇ ಡ್ರೈವರ್ ದೇವು. ಒಂದ್ ಸಾಕ್.”

ಸಂಜೆ ಕುಷ್ಟ, “ಎಂತ ತತ್ತ ಅಂಬ್ರ್?” ಎಂದು ಕೇಳಿದ. ರಾಜೀವ ನೀಲಿ ಎಂಜಿನ್ನಿನ ಧೂಳು ಒರಸುತ್ತಾ, “ಅಂಗಡಿಯಂಗೆ ಎಂತ ಸಿಕ್ತೋ ಅದ್ನ ತತ್ತ” ಎಂದ. ಆ ಎಂಜಿನ್ನಿನಲ್ಲಿ ಧೂಳಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ದೇವು ರಿಮೋಟಿನ ಪೆಟ್ಟಿಗೆ ಹಿಡಿದುಕೊಂಡು ಬಂದ. ಎರಡು ಎಂಜಿನ್ನುಗಳ ಹೊಟ್ಟೆ ಬಿಚ್ಚಿ ಚಿಪ್ ಸಿಕ್ಕಿಸಿದ. ಹೊಸ ಚಿಪ್ಪುಗಳೆಲ್ಲ ಅಂಗಡಿಯಿಂದ ಬರುವಾಗ ಮೂರು ಎಂಬ ನಂಬರಿನಲ್ಲೇ ಬರುತ್ತವಂತೆ. ಹಾಗಾಗಿ ಮೂರನ್ನು ಕರೆದರೆ ಎರಡೂ ಹೊರಟವು. ಕೆಂಪಿಗೆ ಹನ್ನೆರಡು ಎಂದು ಹೊಸ ನಂಬರ್ ಕೊಡುವಾಗ ದೇವು ಆತುರದಲ್ಲಿ ನೀಲಿಯನ್ನು ಹಳಿಯಿಂದ ಎತ್ತಲು ಮರೆತ. ಅದೂ ಕೇಳಿಸಿಕೊಂಡು ಹನ್ನೆರಡಾಗಿ ಕೂತಿತು. ಹನ್ನೆರಡನ್ನು ಕರೆದರೆ ಮತ್ತೆ ಎರಡೂ ಹೊರಟವು.

“ಅಜ್ಜನ್ ಹೆಸ್ರ್ ಇಟ್ಕಂಡ್ ಮೊಮ್ಮಕ್ಕಳ್ ಹಾಂಗಾಯ್ತ್” ಎಂದಳು ಜಲಜ. “ನಮ್ ತವರ್ಮನಿಯಂಗೆ ಮಂಜಾ ಅಂದೇಳಿ ಕರದ್ರೆ ಮೂರ್ ಜನ ಉಂಬುಕೆ ಬಪ್ಪುದ್.”

ಕೊನೆಗೆ ನೀಲಿಯೊಂದನ್ನೇ ಹಳಿಯ ಮೇಲಿಟ್ಟು ಅದಕ್ಕೆ ಇಪ್ಪತ್ತು ಎಂದು ನಂಬರ್ ಕೊಟ್ಟದ್ದಾಯಿತು. ಒಮ್ಮೆ ಓಡಿಸಿ ನೋಡಿ ಎಂದು ದೇವು ರಿಮೋಟ್ ಚಾಚಿದ. ರಾಜೀವ ಕೈ ಹಿಂದೆ ಕಟ್ಟಿಕೊಂಡ. ಮೊದಲ ಸಲ ಹಿಡಿಯುವುದಾದರೆ ಭಾನುವಾರ, ಪಂಚಾಂಗ ನೋಡಿ ಇಟ್ಟ ಮುಹೂರ್ತಕ್ಕೆ, ನಾಲ್ಕು ಜನರ ಎದುರು. ದೇವು ನಗುತ್ತಾ ಬೈಂದೂರಿನ ಬಸ್ಸು ಹತ್ತಿದ.

ಅವನು ಕೋಟೇಶ್ವರದಲ್ಲಿ ಕುಷ್ಟನಿಗೆ ಸಿಕ್ಕಿದನೆಂದು ರಾಜೀವನಿಗೆ ತಿಳಿದಿರಲಿಲ್ಲ. ಶನಿವಾರ ಸಂಜೆ ಕುಷ್ಟ ಬರಲಿಲ್ಲ. ಜ್ವರ ಬಂದರೂ ಬರುತ್ತಿದ್ದವನು, ಬರಲಿಲ್ಲ. ರಾಜೀವ ಗೇಟಿನ ತನಕ ಎಷ್ಟೋ ಸಲ ಹೋಗಿ ಬಂದ. ಅಂದು ಜಲಜ ಕರೆದಾಗ ಮೊದಲನೆಯ ಕರೆಗೇ ಹೋಗಿ ಕೂತ, ಆದರೆ ತುತ್ತು ಒಳಗೆ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಆಚೀಚೆ ಮನೆಯವರು ನಾಲ್ಕೈದು ಜನ ಬಂದು ಜಗಲಿಯಲ್ಲಿ ಕೂತರು. ಮುಹೂರ್ತಕ್ಕೆ ಸರಿಯಾಗಿ ಕುಷ್ಟನೂ ಬಂದ. ಇಸ್ತ್ರಿ ಮಾಡಿದ ಹಳೆಯ ಡ್ರೈವರ್ ಖಾಕಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅವನನ್ನು ಕಂಡು ರಾಜೀವನಿಗೆ ಒಮ್ಮೆ ಜೀವ ಬಂತು, ಅಂಗಿಯನ್ನು ಕಂಡು ಮತ್ತೆ ಜೀವ ಹೋಯಿತು. ಆದದ್ದಾಗಲಿ ಎಂದು ರಿಮೋಟನ್ನು ಎದೆಗೆ ಒತ್ತಿ ಹಿಡಿದು ಹೇಳಿಯೇಬಿಟ್ಟ.

“ಇವತ್ತ್ ನಾನೇ ಬಿಡುದ್.”

“ಬಿಡ್” ಎಂದ ಕುಷ್ಟ. ಹೋಗಿ ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕೂತ. ಅಷ್ಟೇ. ರಾಜೀವ ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡ ವಾದಗಳೆಲ್ಲ ಹಾಗೇ ಉಳಿದವು.

ಜಲಜ ಎಂಜಿನ್ನುಗಳಿಗೆ ಕುಂಕುಮ ಹಚ್ಚಿದಳು, ನಿಂಬೆಹಣ್ಣು ಇಡಲು ಹೋದರೆ ಅದು ಡಬ್ಬಿಗಿಂತ ದೊಡ್ಡದಾಗಿತ್ತು. ರಾಜೀವ ಹನ್ನೆರಡನ್ನು ಒತ್ತಿದ. ಬೈಂದೂರಿನಲ್ಲಿ ಕೆಂಪು ಎಂಜಿನ್ನಿನ ದೀಪ ಹತ್ತಿತು. ಹೆಬ್ಬೆರಳನ್ನು ನಾಬಿನ ಮೇಲಿಟ್ಟ. ಎಲ್ಲರೂ ಕಾದರು.

ರೈಲು ಹೊರಡಲಿಲ್ಲ. ರಿಮೋಟಿನ ದೋಷವೇನಲ್ಲ, ಹೆಬ್ಬೆರಳೇ ತಿರುಗಲಿಲ್ಲ. ರಾಜೀವ ಒಮ್ಮೆ ಹಿಂದೆ ನೋಡಿದ, ಕೊನೆಯ ಡಬ್ಬಿಯನ್ನು ನೋಡಿದ, ಕತ್ತು ಬಗ್ಗಿಸಿ ಅದರ ಬಾಗಿಲನ್ನೂ ನೋಡಿದ. ಮತ್ತೆ ಮುಂದೆ ನೋಡಿ ಬೆರಳು ಗಟ್ಟಿ ಮಾಡಿದ. ಆಗಲಿಲ್ಲ. ಅವನ ಕಿವಿ ಏನನ್ನೋ ಕಾಯುತ್ತಿತ್ತು. ಆಯುಷ್ಯದಲ್ಲಿ ಒಮ್ಮೆಯೂ, ಯಾವ ವಾಹನವೂ, ಅದು ಕೇಳದೆ ಅವನ ಕಣ್ಣೆದುರು ಸರಿಯಾಗಿ ಹೊರಟದ್ದೇ ಇಲ್ಲ. ಕೇಳದೆ ಹೊರಟದ್ದು ಒಂದೇ, ಅದರ ಬೊಂಡಗಳು ಇನ್ನೂ ಅವನ ತಲೆಯಲ್ಲಿ ಉರುಳುತ್ತಿದ್ದವು.

“ಎಂತ ಮಾರಾಯ, ಹೋಪುದಿಲ್ಯಾ?” ಎಂದ ಕುಷ್ಟ.

“ಹೋಪುದೇ.”

“ಮತ್ತೆ?”

ರಾಜೀವ ನೆಲ ನೋಡುತ್ತಾ ಹೇಳಿದ. “ಸೀಟಿ ಆಯ್ಲಿಲ್ಲೆ.”

ನೆರೆಯವರಿಗೆ ಅರ್ಥವಾಗಲಿಲ್ಲ. ಕುಷ್ಟನಿಗೆ ಆಯಿತು. ಅವನು ನಗಲಿಲ್ಲ. ಎದ್ದು ಬಂದು ರಾಜೀವನ ಹತ್ತಿರ ನಿಂತು, ಬೇರೆಯವರಿಗೆ ಕೇಳದ ಹಾಗೆ ಹೇಳಿದ. “ದೇವು ನಂಗ್ ಮೊನ್ನೆಯೇ ಹೇಳಿದ. ನಿಂಗ್ ಒಂದೇ ರಿಮೋಟ್ ಸಾಕಂಬ್ರ್. ಬೇಜಾರಾಯ್ತ್, ಅದಕ್ಕೇ ನಿನ್ನೆ ಬರ್ಲಿಲ್ಲೆ. ಮತ್ತೆ ಯೋಚ್ನೆ ಮಾಡ್ದೆ, ನಾನಾರೂ ಒಂದಿನ ನೀನ್ ಬಿಡ್ತ್ಯಾ ಅಂದೇಳಿ ಕೇಂಡಿದ್ನಾ? ಕೇಣ್ಲಿಲ್ಲೆ. ಕೊಡ್ ಸೀಟಿ. ಇವತ್ತ್ ನಾನ್ ಊದ್ತೆ.”

ರಾಜೀವ ರಿಮೋಟನ್ನು ಕಂಕುಳಲ್ಲಿ ಇಟ್ಟುಕೊಂಡ. ಮೊಳೆಯಿಂದ ಸೀಟಿ ತೆಗೆದು ಎರಡು ಕೈಯಲ್ಲಿ ಕೊಟ್ಟ.

ಈಗ ಕುಷ್ಟನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಜೀವಮಾನದಲ್ಲಿ ಹಾರ್ನ್ ಒತ್ತಿದವನು, ಸೀಟಿ ಊದಿದವನಲ್ಲ. ಮೇಲಾಗಿ ಅವನ ಮುಂದಿನ ಎರಡು ಹಲ್ಲು ಕುಂದಾಪುರದಲ್ಲಿ ಕಟ್ಟಿಸಿದ್ದು, ತಂತಿಯ ಕೊಕ್ಕೆ ಇದ್ದದ್ದು. ಅವನು ಕಾಲು ಅಗಲಿಸಿ ನಿಂತು, ಎದೆ ತುಂಬ ಗಾಳಿ ಎಳೆದು, ಬಸ್ಸಿನ ಟಯರಿಗೆ ಗಾಳಿ ತುಂಬಿಸುವಷ್ಟು ಜೋರಾಗಿ ಊದಿದ. ‘ಫುಸ್’ ಎಂದು ಸದ್ದಾಯಿತು. ಸೀಟಿ ಅವನ ಕೈಯಲ್ಲೇ ಇತ್ತು. ಹಲ್ಲು ಹಾರಿ ಹೋಗಿ ತೆಕ್ಕಟ್ಟೆ ನಿಲ್ದಾಣದ ಎದುರು, ಹಳಿಯ ಮೇಲೆ ಅಡ್ಡ ಬಿತ್ತು. ತಂತಿ ಎರಡು ಹಳಿಗೂ ತಾಗಿದ್ದೇ ತಡ, ಎಂಜಿನ್ನಿನ ದೀಪ ಆರಿತು, ರಿಮೋಟ್ ಕೆಂಪು ಬಣ್ಣದಲ್ಲಿ ಕಣ್ಣು ಮಿಟುಕಿಸತೊಡಗಿತು. ಶಾರ್ಟ್ ಆದರೆ ತನ್ನಷ್ಟಕ್ಕೇ ಬಂದ್ ಆಗುತ್ತದೆ ಎಂದು ದೇವು ಹೇಳಿದ್ದು ಸುಳ್ಳಾಗಿರಲಿಲ್ಲ. ಹ್ಯಾಂಬರ್ಗಿನ ಅಂಗಡಿಯವನಿಗೆ ಈ ನಮೂನೆಯ ಶಾರ್ಟ್ ಗೊತ್ತಿತ್ತೋ ಇಲ್ಲವೋ ಹೇಳಲಾಗದು.

ಜಲಜ ನಕ್ಕು ನಕ್ಕು ಹೊಸ್ತಿಲಲ್ಲಿ ಕೂತುಬಿಟ್ಟಳು. ನೆರೆಯವರು ಮುಖ ಆಚೆ ತಿರುಗಿಸಿಕೊಂಡರು. ರಾಜೀವ ಹಲ್ಲನ್ನು ಹೆಕ್ಕಿ, ಬಾವಿಕಟ್ಟೆಯಲ್ಲಿ ತೊಳೆದು ತಂದು ಕೊಟ್ಟ. ಕುಷ್ಟ ಅದನ್ನು ಬಾಯಿಗೆ ಕೂರಿಸಿಕೊಂಡು ಬಹಳ ಗೌರವದಿಂದ ಸೀಟಿಯನ್ನು ನೋಡಿದ.

“ಇದನ್ನ ದಿನಾ ಹೆಂಗ್ ಊದ್ತಿದ್ಯಾ? ನನ್ನ್ ಕೈಯಂಗೆ ಆತಿಲ್ಲೆ ಮಾರಾಯ.”

ಮುಹೂರ್ತ ಮೀರುತ್ತಿತ್ತು. ರಾಜೀವ ರಿಮೋಟ್ ಹಿಡಿದುಕೊಂಡು ಮತ್ತೆ ಬೈಂದೂರಿನ ಎದುರು ನಿಂತ. ಇವತ್ತೂ ಆಗುವುದಿಲ್ಲ, ಇನ್ನು ಎಂದೂ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ರಿಮೋಟನ್ನು ಕುಷ್ಟನಿಗೆ ಕೊಟ್ಟುಬಿಡೋಣವೆಂದು ಕೈ ಚಾಚುವಷ್ಟರಲ್ಲಿ ಜಲಜ ಹೊಸ್ತಿಲಿನಿಂದ ಎದ್ದು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಂದಳು.

“ಕೊಡಿ ಕಾಂಬ” ಎಂದು ಸೀಟಿ ತೆಗೆದುಕೊಂಡಳು. ಸೆರಗಿನ ತುದಿಯಿಂದ ಅದರ ಬಾಯಿ ಒರಸಿ ಊದಿದಳು, ಎರಡು. ಮೊದಲನೆಯದು ತುಂಡು, ಎರಡನೆಯದು ಸ್ವಲ್ಪ ಎಳೆದು, ಕೊನೆಯಲ್ಲಿ ಮೇಲಕ್ಕೆ ಎತ್ತಿ. ಅದು ರಾಜೀವನದೇ ಸೀಟಿ. ಈ ಹೆದ್ದಾರಿಯ ಯಾವ ಕಂಡಕ್ಟರನೂ ಹಾಗೆ ಊದುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕುಂಭಾಶಿಯ ಆನೆಗುಡ್ಡೆ ಸ್ವಾಗತ ಗೋಪುರದ ಹತ್ತಿರ ಆ ಎರಡು ಸೀಟಿ ಕೇಳಿದ ಮೇಲೆಯೇ ಅವಳು ತನ್ನ ಚಾ ಕುಡಿಯುತ್ತಿದ್ದದ್ದು, ಸಂಜೆ ಅಲ್ಲಿಯೇ ಒಂದು ಸೀಟಿ ಕೇಳಿದಾಗಲೇ ಒಲೆಗೆ ಅಕ್ಕಿ ಏರಿಸುತ್ತಿದ್ದದ್ದು. ಇದನ್ನು ಅವಳು ಹೇಳಿದ್ದಿಲ್ಲ, ಅವನು ಕೇಳಿದ್ದೂ ಇಲ್ಲ.

ಹೆಬ್ಬೆರಳು ತಿರುಗಿತು. ಕೆಂಪು ರೈಲು ಬೈಂದೂರು ಬಿಟ್ಟಿತು.

ರಾಜೀವ ವಯರ್ ಎಳೆದುಕೊಂಡು ರೈಲಿನ ಪಕ್ಕದಲ್ಲೇ ನಡೆದ. ಮರವಂತೆ ಬಂತು, ತ್ರಾಸಿ ಬಂತು. ಕುಷ್ಟ ಕೈಗಳಿಗೆ ಕೆಲಸವಿಲ್ಲದೆ ಸ್ವಲ್ಪ ಹೊತ್ತು ಚಡಪಡಿಸಿ, ಆಮೇಲೆ ತಾನೇ ಒಂದು ಕೆಲಸ ಹುಡುಕಿಕೊಂಡ. “ಹೆಮ್ಮಾಡಿ ಯಾರಿದ್ರಿ, ಹೆಮ್ಮಾಡಿ, ಬೇಗ ಇಳಿನಿ” ಎಂದು ಕೂಗಿದ. ಕುಂದಾಪುರದಲ್ಲಿ ಕೆಂಪು ಪಕ್ಕದ ಹಳಿಗೆ ಸರಿದು ನಿಂತಿತು. ಜಲಜ ಎರಡು ಊದಿದಳು, ರಾಜೀವ ಇಪ್ಪತ್ತನ್ನು ಕರೆದ, ಬ್ರಹ್ಮಾವರದಿಂದ ನೀಲಿ ಬಂದು ಕೆಂಪನ್ನು ದಾಟಿ ಹೋಯಿತು. ಹಣೆಗೆ ಹಣೆ ಕುಟ್ಟಲಿಲ್ಲ. ನೆರೆಯವರು ಚಪ್ಪಾಳೆ ತಟ್ಟಿದರು. ರಾಜೀವ ನಗುತ್ತಿದ್ದ, ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹೋಗುವುದು, ಬರುವುದು, ಮತ್ತೆ ಹೋಗುವುದು. ನೆರೆಯವರು ಚಾ ಕುಡಿದು ಎದ್ದು ಹೋದರು. ಬಿಸಿಲು ಜಗಲಿಗೆ ಏರಿತು. ಜಲಜ ನಡುವೆ ಒಳಗೆ ಹೋಗಿ ಒಗ್ಗರಣೆ ಹಾಕಿ, ಹೊರಡುವ ಹೊತ್ತಿಗೆ ಬಂದು ಎರಡು ಊದಿ, ಮತ್ತೆ ಒಳಗೆ ಹೋಗುತ್ತಿದ್ದಳು. ಕೆಂಪು ರೈಲು ಕೋಟ ಬಿಟ್ಟು ಸಾಲಿಗ್ರಾಮದ ಕಡೆ ರಭಸದಿಂದ ಹೊರಟಿತ್ತು. ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ಸೀಟಿ ಬಂತು. ಒಂದೇ.

ರಾಜೀವನ ಹೆಬ್ಬೆರಳು ತಕ್ಷಣ ಹಿಂದಕ್ಕೆ ತಿರುಗಿತು. ಯೋಚನೆ ಮಾಡಲೂ ಸಮಯವಿರಲಿಲ್ಲ. ರೈಲು ಕೋಟಕ್ಕೂ ಸಾಲಿಗ್ರಾಮಕ್ಕೂ ನಡುವೆ, ನಿಲ್ದಾಣವೇ ಇಲ್ಲದ ಜಾಗದಲ್ಲಿ, ಮೆತ್ತಗೆ ನಿಂತಿತು.

“ಉಂಬುಕೆ ಬನಿ” ಎಂದಳು ಜಲಜ.

ರಾಜೀವ ನಿಂತ ರೈಲನ್ನು ನೋಡಿದ, ರಿಮೋಟನ್ನು ನೋಡಿದ. ಬೈಂದೂರಿನಲ್ಲಿ ಅಂದು ಊದಿದಾಗ ನಿಲ್ಲದ್ದು ಇಂದು ನಿಂತಿತ್ತು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕುಷ್ಟನಿಗೆ ಅಷ್ಟೂ ಬೇಕಾಗಲಿಲ್ಲ. ಕುರ್ಚಿಯಿಂದ ಎದ್ದು ಬಂದು ರಾಜೀವನ ಹೆಗಲ ಮೇಲೆ ಕೈಯಿಟ್ಟ.

“ಕಂಡ್ಯಾ. ಸೀಟಿ ಊದ್ರೆ ಡ್ರೈವರ್ ನಿಲ್ಸುದ್. ಈಗ ನೀನ್ ಡ್ರೈವರ್ ಆದೆ, ಮಾರಾಯ.”

ಮೂವರೂ ಒಳಗೆ ಹೋಗಿ ಕೂತರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಅನ್ನದಿಂದ ಹಬೆ ಏಳುತ್ತಿತ್ತು. ರಾಜೀವ ಮೊದಲ ತುತ್ತು ಕಲಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ.

“ದೇವುಗ್ ಫೋನ್ ಮಾಡ್ತೆ. ಮುಂದಿನ್ ಸಲ ಇನ್ನೊಂದ್ ರಿಮೋಟ್ ತಕಂಡ್ ಬಪ್ಪುಕೆ ಹೇಳ್ತೆ.”

“ನಂಗ್ ನೀಲಿದ್ ಅಕ್ಕ್” ಎಂದ ಕುಷ್ಟ, ಬಂಗುಡೆಯ ಮುಳ್ಳು ಬಿಡಿಸುತ್ತಾ.

ಜಲಜ ಸೀಟಿಯ ಕಪ್ಪು ದಾರವನ್ನು ಬೀಗದ ಕೈ ಗೊಂಚಲಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ರಿಮೋಟ್ ಎಷ್ಟಾರೂ ತರ್ಸಿನಿ” ಎಂದಳು. “ಸೀಟಿ ಒಂದೇ ಸಾಕ್.”